ಪಡಿಯಚ್ಚು

1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಕಲ್ಲುಗಳೆಲ್ಲ ತಾಲ್ಲೂಕುವಾರು ಸಾಲಾಗಿ ನಿಂತಿವೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಅದು. ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಆಗ ಚಿಕ್ಕಬಳ್ಳಾಪುರವೂ ನಮ್ಮ ಜೊತೆಗೇ ಇತ್ತು. 2007ರಲ್ಲಷ್ಟೇ ಬೇರೆ ಮನೆ ಮಾಡಿತು. ಕೋಲಾರಕ್ಕೊಂದು, ಮುಳಬಾಗಿಲಿಗೊಂದು, ಮಾಲೂರಿಗೊಂದು, ಶ್ರೀನಿವಾಸಪುರಕ್ಕೊಂದು ಅಂಕೆಸಾಲು. ಹೊಲದ ಬದುವಿನ ವೀರಗಲ್ಲು, ಕೆರೆ ಕೋಡಿಯ ಕಲ್ಲು, ಕೋಲಾರಮ್ಮನ ಗುಡಿಗೋಡೆಯ ಚೋಳರ ಕಾಲದ ತಮಿಳು ಅಕ್ಷರ, ಆವಣಿಯ ನೊಳಂಬರ ಶಾಸನ, ಗಡಿಯ ಕಡೆ ಬಂದರೆ ತೆಲುಗು. ಇವೆಲ್ಲ ಮಂಗಳೂರಿಗೆ ಹೋಗಿ ಪುಸ್ತಕವಾದವು. ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಹೋದದ್ದು ಕಾಗದ.

ಇತಿಹಾಸದ ಮೇಷ್ಟ್ರುಗಳು ಈ ಪುಸ್ತಕ ತೆರೆಯುವುದು ರಾಜರ ಹೆಸರಿಗೆ, ಇಸವಿಗೆ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಡಂ ಆಗಿ ನಿವೃತ್ತಳಾದವಳು. ಕಲ್ಲು ಕಾಗದಕ್ಕೆ ಹೇಗೆ ಇಳಿಯಿತು ಅನ್ನುವುದರ ಮೇಲೇ ನನ್ನ ಕಣ್ಣು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಸಾಹೇಬರು ವಿದ್ಯಾ ಇಲಾಖೆಯಲ್ಲಿದ್ದಾಗ ಊರೂರು ತಿರುಗಿ ಶಾಸನಗಳನ್ನು ಕಂಡವರು. ಅದಕ್ಕೂ ಮುಂಚೆ, 1865ರ ಹೊತ್ತಿಗೆ, ಮೇಜರ್ ಡಿಕ್ಸನ್ ಎಂಬುವರು ಕೆಲವು ಶಾಸನಗಳ ಫೋಟೊ ತೆಗೆದಿದ್ದರು. ರೈಸ್ ಮೊದಮೊದಲು ಓದಿದ್ದು ಆ ಫೋಟೊಗಳನ್ನೇ. ಆದರೆ ಸವೆದ ಕಲ್ಲಿನ ಮುಂದೆ ಕ್ಯಾಮೆರಾದ ಆಟ ನಡೆಯುವುದಿಲ್ಲ. ಬಿಸಿಲು ಒಂದಿಷ್ಟು ಅತ್ತಿತ್ತ ಸರಿದರೆ ಅಕ್ಷರ ಮಾಯ. ಇಡೀ ಮೈಸೂರು ಸೀಮೆಯ ಹತ್ತಿರ ಹತ್ತಿರ ಒಂಬತ್ತು ಸಾವಿರ ಶಾಸನಗಳು ಆ ಸಂಪುಟಗಳಿಗೆ ಬಂದುವಲ್ಲ, ಅದರ ಹಿಂದೆ ಒದ್ದೆ ಕಾಗದ ಹಿಡಿದು ಹಳ್ಳಿ ಸುತ್ತಿದ ಪಂಡಿತರ, ಆಳುಗಳ ಕೈ ಇದೆ.

ಆ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಮುಳಬಾಗಿಲು ತಾಲ್ಲೂಕಿನ ಸ್ಕೂಲಿನಲ್ಲಿದ್ದಾಗ. ಆವಣಿ ಬೆಟ್ಟದ ಕಡೆಯ ಒಂದು ಹೊಲದಲ್ಲಿ ಯೂನಿವರ್ಸಿಟಿಯ ಇಬ್ಬರು ಹುಡುಗರು ವೀರಗಲ್ಲಿನ ಪಡಿಯಚ್ಚು ತೆಗೆಯುತ್ತಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು, ನಿಂತೆ. ಮೊದಲು ನೀರು ಹಾಕಿ ನಾರಿನ ಬ್ರಷ್ಷಿನಲ್ಲಿ ಕಲ್ಲು ತಿಕ್ಕಿದರು. ಅಕ್ಷರದ ಸಂದಿಯ ಪಾಚಿ, ಯಾವುದೋ ಹಬ್ಬಕ್ಕೆ ಬಳಿದ ಸುಣ್ಣ, ದೀಪದ ಎಣ್ಣೆಜಿಡ್ಡು, ಒಂದೊಂದೂ ಬಿಡಬೇಕು. ಆಮೇಲೆ ನೆನೆಸಿದ ಕಾಗದವನ್ನು ಕಲ್ಲಿನ ಮೈಗೆ ಹಾಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಅಂಗೈಯಿಂದ ಅಂಚಿಗೆ ದೂಡಿದರು. ಗಟ್ಟಿಕೂದಲಿನ ಇನ್ನೊಂದು ಬ್ರಷ್ಷಿನಿಂದ ತಟ್ಟತೊಡಗಿದರು. ಜೋರಾದರೆ ಕಾಗದ ಹರಿಯುತ್ತದೆ, ಮೆತ್ತಗಾದರೆ ಅಕ್ಷರದೊಳಕ್ಕೆ ಇಳಿಯುವುದಿಲ್ಲ. ತಟ್ಟುತ್ತ ತಟ್ಟುತ್ತ ಕಾಗದವೇ ಕಲ್ಲಿನ ಚರ್ಮವಾಯಿತು. ಒದ್ದೆ ಆರುತ್ತ ಬಂದು, ಪೂರ್ತಿ ಒಣಗುವ ಮುಂಚೆ, ಬಟ್ಟೆ ಸುತ್ತಿದ ಗುಂಡಿಗೆ ಕಪ್ಪು ಮಸಿ ಹಚ್ಚಿ, ಹೆಚ್ಚಾದದ್ದನ್ನು ಹಲಗೆಯ ಮೇಲೆ ಒರೆಸಿ, ಮೆಲ್ಲಗೆ ಒತ್ತುತ್ತ ಹೋದರು. ಉಬ್ಬಿದ ಕಡೆ ಕಪ್ಪಾಯಿತು. ತಗ್ಗಿನ ಅಕ್ಷರ ಬೆಳ್ಳಗೆ ಉಳಿದು ಎದ್ದು ಬಂತು. ಕಲ್ಲಿನ ಮೇಲೆ ನನಗೆ ಕಾಣದಿದ್ದ ಎರಡು ಸಾಲು ಕಾಗದದ ಮೇಲೆ ಕಂಡವು.

ಹೊಲದ ಯಜಮಾನ ಬೀಡಿ ಹಚ್ಚಿಕೊಂಡು ಇಷ್ಟನ್ನೂ ನೋಡಿ, ‘ನಿಧಿ ಯಾವ ದಿಕ್ಕಿಗೈತೆ ಅಂತ ಬರೆದವ್ರೆ ಸಾ?’ ಅಂದ. ಹುಡುಗರು ನಕ್ಕರು. ಆದರೆ ನಗುವ ಮಾತಲ್ಲ ಅದು. ಶಾಸನದ ಕಲ್ಲಿನ ಕೆಳಗೆ ಕೊಪ್ಪರಿಗೆ ಇರುತ್ತದೆಂದು ರಾತ್ರೋರಾತ್ರಿ ಅಗೆದು, ಒಡೆದು ಹಾಕಿದ ಕಲ್ಲುಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥ ಕಲ್ಲಿಗೆ ಈಗ ಉಳಿದಿರುವುದು ಆ ಕಾಗದವೊಂದೇ.

ಇದನ್ನೆಲ್ಲ ಜೋಡಿಸಿಕೊಂಡು ಯೋಚಿಸುವಂತೆ ಮಾಡಿದ್ದು ಒಂದು ಆನ್‌ಲೈನ್ ಕ್ಲಾಸು. 2020ರ ಲಾಕ್‌ಡೌನ್‌ನಲ್ಲಿ, ಶ್ರೀನಿವಾಸಪುರದ ಮನೆಯಲ್ಲಿ ಕೂತು, ಬೆಂಗಳೂರಿನ ಕಲಾವಿದೆಯೊಬ್ಬರು ಮೊಬೈಲಿನಲ್ಲಿ ಹೇಳಿಕೊಡುತ್ತಿದ್ದ ಲಿನೋಕಟ್ (ಲಿನೋ ಹಾಳೆ ಕೆತ್ತಿ ಅಚ್ಚೊತ್ತುವುದು) ಮತ್ತು ಕೊಲಾಜ್ (ತುಂಡು ಅಂಟಿಸಿ ಚಿತ್ರ ಮಾಡುವುದು) ತರಗತಿಗೆ ಸೇರಿದೆ. ಜೊತೆಗೆ ಕಲಿಯುತ್ತಿದ್ದವರು ಹುಬ್ಬಳ್ಳಿ, ಪುತ್ತೂರು, ದುಬೈ ಎಂದು ಎಲ್ಲೆಲ್ಲೋ ಇದ್ದರು. ಲಿನೋ ಹಾಳೆ, ಉಳಿ, ರೋಲರ್, ಮಸಿ ಕೊರಿಯರ್‌ನಲ್ಲಿ ಬಂತು. ಸ್ಕೂಲಿನಲ್ಲಿ ನಾನು ಹೇಳಿಕೊಟ್ಟದ್ದು ಬೆಂಡೆಕಾಯಿ ಅಚ್ಚು, ಆಲೂಗೆಡ್ಡೆ ಅಚ್ಚು ಮಾತ್ರ. ಡ್ರಾಯಿಂಗಿನ ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವುದರಲ್ಲೇ ವರ್ಷ ಮುಗಿಯುತ್ತಿತ್ತು. ‘ಈ ವಯಸ್ಸಿಗೆ, ಅದೂ ಫೋನಿನಲ್ಲಿ, ಇದೇನು ಹೊಸಾ ವಿದ್ಯೆ’ ಎಂದು ಮನೆಯವರು ರೇಗಿಸಿದರು. ಕೈಗೆ ಮಸಿ ಹತ್ತಿದ ಮೇಲೆ ಗೊತ್ತಾಯಿತು, ವಿದ್ಯೆಯೂ ಹಳೆಯದು, ದೂರ ಕೂತು ಕಲಿಯುವುದೂ ಹಳೆಯದು. ಆವಣಿಯನ್ನು ಎಂದೂ ಕಾಣದವನು ಆವಣಿಯ ಶಾಸನ ಓದಿದ್ದು ಪಡಿಯಚ್ಚಿನಿಂದ. ಅಚ್ಚು ಹುಟ್ಟಿದ್ದೇ ಬರಲಾಗದವರಿಗಾಗಿ.

ಕೋಲಾರ ಪೇಟೆಯಲ್ಲಿ ನನ್ನ ಸೋದರಮಾವನದೊಂದು ಪ್ರೆಸ್ಸಿತ್ತು. ಪ್ರೆಸ್ಸು ಅಂದರೆ ಒಂದು ಟ್ರೆಡಲ್ ಮೆಷೀನು, ಗೋಡೆಗೆ ಒರಗಿಸಿದ ಅಚ್ಚುಮೊಳೆ ಕೇಸುಗಳು, ಒಂದು ಕಟಿಂಗ್ ಮೆಷೀನು, ಸೀಮೆಎಣ್ಣೆ ವಾಸನೆ. ಕನ್ನಡ ಮೊಳೆಯ ಕೇಸನ್ನು ನೋಡಿದವರಿಗೆ ಗೊತ್ತು ಅದರ ಗೋಳು. ಇಂಗ್ಲಿಷಿನವನಿಗೆ ಇಪ್ಪತ್ತಾರು ಅಕ್ಷರದ ಎರಡು ಮನೆ ಸಾಕು. ಕನ್ನಡಕ್ಕೆ ಗುಣಿತ ಬೇರೆ, ಒತ್ತು ಬೇರೆ, ದೀರ್ಘ ಬೇರೆ, ಇನ್ನೂರಕ್ಕೂ ಮೇಲೆ ಗೂಡುಗಳು. ಮಾವ ನೋಡದೆಯೇ ಕೈ ಹಾಕಿ ‘ಕ್ಷ್ಮೀ’ ತೆಗೆಯುತ್ತಿದ್ದರು. ಅವರಲ್ಲಿ ಎರಡು ಕೇಸು ತೆಲುಗು ಮೊಳೆಯೂ ಇತ್ತು. ಮುಳಬಾಗಿಲಿನ ಮೂಡಲಿಗೆ, ಶ್ರೀನಿವಾಸಪುರದ ರಾಯಲ್ಪಾಡಿನ ಕಡೆ ಮನೆಮಾತು ತೆಲುಗು, ನೆಂಟರೆಲ್ಲ ಮದನಪಲ್ಲಿ, ಪುಂಗನೂರು. ಲಗ್ನಪತ್ರಿಕೆ ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ತೆಲುಗು. ರೈಸ್ ಸಾಹೇಬರ ಸಂಪುಟಕ್ಕೂ ಮಾವನ ಕೇಸಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ ಅನ್ನಿಸುತ್ತದೆ ಈಗ.

ಮೊಳೆಯನ್ನು ಸ್ಟಿಕ್ಕಿನಲ್ಲಿ ಜೋಡಿಸುವಾಗ ಅಕ್ಷರ ತಿರುಗುಮುರುಗು. ಮಾವ ಅದನ್ನೇ ಸರಾಗ ಓದುತ್ತಿದ್ದರು. ನೇರ ಅಕ್ಷರ ಓದುವಾಗಲೇ ಒಂದು ಗಳಿಗೆ ತಡೆಯುತ್ತಿದ್ದರೆಂದು ನಮ್ಮಮ್ಮ ಹಾಸ್ಯ ಮಾಡುತ್ತಿದ್ದಳು. ಪತ್ರಿಕೆಯ ನೆತ್ತಿಗೆ ಗಣಪತಿಯ ಬ್ಲಾಕು. ಸತುವಿನ ತಗಡನ್ನು ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ್ದು, ಬೆಂಗಳೂರಿನಲ್ಲಿ ಮಾಡಿಸಿ ತರುತ್ತಿದ್ದದ್ದು. ಒಂದೇ ಗಣಪತಿ ಎಷ್ಟು ಮದುವೆ ಮಾಡಿಸಿದನೋ, ಕಡೆಗೆ ಅವನ ಸೊಂಡಿಲಿನ ಗೆರೆ ಸವೆದು ದಪ್ಪಗಾಗಿತ್ತು. ಮಸಿ ಹದವಾಗಿದೆಯೇ ಎಂದು ಮಾವ ಕಣ್ಣಿನಿಂದ ನೋಡಿದ್ದು ನನಗೆ ನೆನಪಿಲ್ಲ. ಮೆಷೀನಿನ ತಟ್ಟೆಯ ಮೇಲೆ ರೋಲರು ಹಾಯುವಾಗ ಕಿವಿ ಕೊಡುತ್ತಿದ್ದರು. ಈ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಜಿಲ್ಲೆಗೆ ಅಚ್ಚುಮನೆಯ ಋಣ ದೊಡ್ಡದು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. 1913ರಲ್ಲಿ ‘ಕರ್ನಾಟಕ’ ಪತ್ರಿಕೆ ಹೊರಡಿಸಿದರು; ಮಾಲೂರು ತಾಲ್ಲೂಕಿನ ಮಾಸ್ತಿಯವರು ಎರಡು ದಶಕ ‘ಜೀವನ’ ಮಾಸಪತ್ರಿಕೆ ನಡೆಸಿದರು. ಇಬ್ಬರ ಹೆಸರನ್ನೂ ರಸ್ತೆಗೆ, ವೃತ್ತಕ್ಕೆ, ಭವನಕ್ಕೆ ಇಟ್ಟಿದ್ದೇವೆ, ಇಡಬೇಕಾದ್ದೇ. ಆ ಪುಟಗಳಿಗೆ ಮೊಳೆ ಜೋಡಿಸಿದವರು ಯಾರು ಅಂತ ಒಬ್ಬರೂ ಕೇಳಿದ್ದಿಲ್ಲ. ಕಂಪ್ಯೂಟರ್ ಬಂದು, ಆಫ್‌ಸೆಟ್ ಬಂದು, ತೊಂಬತ್ತರ ದಶಕದಲ್ಲಿ ಮೊಳೆ ಪ್ರೆಸ್ಸುಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿದಾಗ ಮಾವನ ಮೊಳೆಗಳೂ ಗುಜರಿಗೆ ತೂಕಕ್ಕೆ ಹೋದವು. ಸೀಸ, ತವರ, ಆಂಟಿಮನಿ. ಗುಜರಿಯವನಿಗೆ ‘ಅ’ ಆದರೇನು, ‘ಳ’ ಆದರೇನು.

ಇನ್ನು ಮಾಲೂರು. ಮಾಲೂರು ಅಂದರೆ ಇಟ್ಟಿಗೆ, ಹೆಂಚು. ಕೆರೆ ಮಣ್ಣಿನ ಆಸರೆಯಲ್ಲಿ ಬೆಳೆದ ಕಸುಬು. ನಮ್ಮ ಅತ್ತೆಮನೆ ಅಲ್ಲಿಯದೇ, ರೈಲಿನಲ್ಲಿ ಹೋಗುವಾಗ ಕಾರ್ಖಾನೆಯ ಚಿಮಣಿ ಕಂಡರೆ ಇಳಿಯಲು ಚೀಲ ಎತ್ತಿಕೊಳ್ಳುತ್ತಿದ್ದೆವು. ನಾವು ‘ಮಂಗಳೂರು ಹೆಂಚು’ ಅನ್ನುತ್ತೇವಲ್ಲ, ಆ ಹೆಂಚಿಗೂ ಪ್ರೆಸ್ಸಿಗೂ ಒಂದು ನೆಂಟಸ್ತಿಕೆ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮೊದಲು ಹಾಕಿದ್ದು ಕಲ್ಲಚ್ಚು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆ ಬರೆದು. ಜರ್ಮನಿಯ ಸೆನೆಫೆಲ್ಡರ್ ಎಂಬ ನಾಟಕಕಾರ, ತನ್ನ ನಾಟಕ ಅಚ್ಚು ಹಾಕಿಸಲು ದುಡ್ಡಿಲ್ಲದೆ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡ ಉಪಾಯವದು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು ನೀರು ಹಾಯಿಸಿದರೆ ಬರೆದ ಕಡೆ ಮಸಿ ಹಿಡಿಯುತ್ತದೆ, ಉಳಿದ ಕಡೆ ಹಿಡಿಯುವುದಿಲ್ಲ. ಆಮೇಲೆ ಮೊಳೆಗಳು ಬಂದವು. ಆ ಪ್ರೆಸ್ಸಿನ ಕೆಲಸಕ್ಕೆಂದು ಬಂದ ಪ್ಲೆಬ್ಸ್ಟ್ ಎಂಬಾತನೇ ಮಂಗಳೂರಿನ ಮಣ್ಣನ್ನು ಪರೀಕ್ಷೆ ಮಾಡಿ ನೋಡಿ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು. ಅಚ್ಚಿನವನ ಕೈ, ಅಚ್ಚನ್ನು ಬಿಡಲಿಲ್ಲ. ಕಾಗದದ ಬದಲು ಹಸಿಮಣ್ಣು, ಅಷ್ಟೆ. ಹೆಂಚಿನ ಬೆನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು, ಊರು, ಒಂದು ನಕ್ಷತ್ರವೋ ಆನೆಯೋ ಉಬ್ಬಿ ನಿಂತಿರುತ್ತದೆ. ಆ ವಿದ್ಯೆ ಘಟ್ಟ ಹತ್ತಿ ಮಾಲೂರಿನ ತನಕ ಬಂತು. ನಮ್ಮ ಜಿಲ್ಲೆಯ ಶಾಸನ ಮಂಗಳೂರಿಗೆ ಹೋಗಿ ಪುಸ್ತಕವಾಗಿ ಬಂದರೆ, ಮಂಗಳೂರಿನ ಹೆಂಚು ಮಾಲೂರಿನ ಮಣ್ಣಿನಲ್ಲಿ ಮತ್ತೆ ಹುಟ್ಟಿತು.

ಸಣ್ಣಪುಟ್ಟ ಅಚ್ಚುಗಳ ಲೆಕ್ಕ ಹಿಡಿದರೆ ಮುಗಿಯುವುದಿಲ್ಲ. ಜಾತ್ರೆಯಲ್ಲಿ ಮಾರುವ ತೂತಿನ ರಂಗೋಲಿ ತಗಡು, ಹೊಸಿಲಿಗೆ ಉರುಳಿಸುವ ರಂಗೋಲಿ ಕೊಳವೆ. ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆಗಳ ಮೇಲೆ ವ್ಯಾಪಾರಿಯ ಇನಿಷಿಯಲ್ ಬಳಿಯಲು ಕೊರೆದಿಟ್ಟುಕೊಂಡ ತಗಡಿನ ಅಕ್ಷರ. ಈಗ ಪ್ಲಾಸ್ಟಿಕ್ ಕ್ರೇಟು ಬಂದು ಆ ತಗಡುಗಳು ಕಾಣುವುದಿಲ್ಲ. ಬಾದಾಮಿಯೋ ತೋತಾಪುರಿಯೋ, ಯಾರ ತೋಟದ್ದು ಅಂತ ಕ್ರೇಟಿನ ಬಣ್ಣ ನೋಡಿ ಹೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚು ಅಚ್ಚು ಬಿದ್ದದ್ದು ಎಲ್ಲಿ ಅಂತೀರಿ? ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ. ಎಡಗೈ ಹೆಬ್ಬೆಟ್ಟು, ನೇರಳೆ ಮಸಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಇಡೀ ಅಂಗೈಗೆ ಮಸಿ ಬಳಿದು ಕರಾರುಪತ್ರಕ್ಕೆ ಒತ್ತಿಸಿಕೊಂಡನಂತೆ. ನಮ್ಮ ಸೀಮೆಯಲ್ಲಿ ಎಷ್ಟು ಎಕರೆ ಅಂಥ ಅಚ್ಚಿನ ಕೆಳಗೆ ಕೈ ಬದಲಾಯಿತೋ, ಒತ್ತಿದವರಿಗೆ ಮೇಲೆ ಏನು ಬರೆದಿದೆ ಅಂತ ಗೊತ್ತಿತ್ತೋ ಇಲ್ಲವೋ. ಪ್ರಿಂಟ್‌ಮೇಕಿಂಗಿನ ಚರಿತ್ರೆ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಕೊಲಾಜಿನ ಮಾತಿಗೆ ಬರುತ್ತೇನೆ. ನಮ್ಮ ಟೀಚರು ಮೊದಲ ಪಾಠದಲ್ಲಿ ಪಿಕಾಸೊ, ಬ್ರಾಕ್ ಅಂದರು. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡೊಂದನ್ನು ಕ್ಯಾನ್ವಾಸಿಗೆ ಅಂಟಿಸಿದ. ಅದೇ ವರ್ಷ ಬ್ರಾಕ್ ಗೋಡೆಕಾಗದ ಕತ್ತರಿಸಿ ಅಂಟಿಸಿದ. ಸ್ಕ್ರೀನಿನ ಮೇಲೆ ಆ ಚಿತ್ರ ನೋಡುತ್ತಿದ್ದಾಗ ನನ್ನ ಕಣ್ಣು ಹೋದದ್ದು ನಮ್ಮ ದೇವರಮನೆಯ ಲಕ್ಷ್ಮಿಯ ಕಡೆಗೆ. ರವಿವರ್ಮನ ಲಕ್ಷ್ಮಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ. ಆಮೇಲೆ ಅದು ಲೋನಾವಳದ ಹತ್ತಿರದ ಮಳವಳಿಗೆ ಹೋಗಿ, ಜರ್ಮನಿಯ ಶ್ಲೈಶರ್ ಕೈಗೆ ಬಂತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಸೆನೆಫೆಲ್ಡರನ ಕಲ್ಲಚ್ಚು, ಬಣ್ಣ ಹಾಕಿಕೊಂಡು ಬಂದದ್ದು. ಅರಮನೆಯಲ್ಲಿ ಇದ್ದ ಲಕ್ಷ್ಮಿ ಸರಸ್ವತಿಯರು ಪೇಟೆ ಅಂಗಡಿಗೆ, ಗುಡಿಸಲಿಗೆ ಬಂದರು.

ಬಂದವರನ್ನು ನಮ್ಮ ಅಜ್ಜಿಯಂದಿರು ಹಾಗೇ ಬಿಡಲಿಲ್ಲ. ಸೀರೆ ಉಡಿಸಿದರು. ಅಜ್ಜಿಯ ಲಕ್ಷ್ಮಿಯನ್ನು ನಾನು ಒಮ್ಮೆ ಫ್ರೇಮು ಬಿಚ್ಚಿ, ಗೆದ್ದಲು ಹತ್ತಿದೆಯೇ ನೋಡಲೆಂದು ಹೊರತೆಗೆದಿದ್ದೆ. ಹತ್ತಿರದಿಂದ ನೋಡಿದರೆ ಕೆಲಸ ಬೆರಗು ಹುಟ್ಟಿಸುತ್ತದೆ. ಸೀರೆಯ ನೆರಿಗೆ ಚಿತ್ರದಲ್ಲಿ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲೇ ಕೆಂಪು ರೇಷ್ಮೆ ತುಂಡನ್ನು ಮಡಿಚಿ, ಸಣ್ಣ ಹೊಲಿಗೆಯಲ್ಲಿ ಕಾಗದಕ್ಕೇ ಹೊಲಿದಿದ್ದಾಳೆ. ಅಂಚಿಗೆ ಹಳೇ ಸೀರೆಯಿಂದ ಬಿಡಿಸಿದ ಜರಿ. ಕಿರೀಟಕ್ಕೆ ಚಮಕಿ, ಕೊರಳಿಗೆ ಸಾಸಿವೆಗಾತ್ರದ ಮುತ್ತು. ಮುಖ, ಕೈ, ಪಾದ, ಕಮಲ ಮಾತ್ರ ಅಚ್ಚಿನವು, ಮುಟ್ಟಿಲ್ಲ. ಹಿಂದಿನಿಂದ ನೋಡಿದರೆ ಗಂಟುಗಳ ಸಾಲು; ಒಂದು ಕಡೆ ದಾರ ಸಾಲದೆ ಬೇರೆ ಬಣ್ಣದ್ದು ಹಾಕಿದ್ದಾಳೆ. ಗಾಜು ಚಿತ್ರಕ್ಕೆ ತಾಕದಂತೆ ಫ್ರೇಮಿನೊಳಗೆ ಮರದ ಪಟ್ಟಿ ಕೊಟ್ಟು ಜಾಗ ಬಿಡಿಸಿದ್ದಾರೆ. ಇದು ನಮ್ಮ ಮನೆಯದೊಂದೇ ಅಲ್ಲ. ಹಳೇ ಮೈಸೂರು ಕಡೆ, ಮದರಾಸು, ಮುಂಬಯಿ, ಎಲ್ಲ ಕಡೆಯೂ ಹೆಂಗಸರು ರವಿವರ್ಮನ ಅಚ್ಚುಗಳಿಗೆ ಹೀಗೆ ಜರಿ ಬಟ್ಟೆ ತೊಡಿಸಿದ್ದಾರೆ, ಈಗ ಅವನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಪಿಕಾಸೊಗಿಂತ ಮುಂಚೆಯೇ ನಮ್ಮವರು ಕೊಲಾಜ್ ಮಾಡಿದ್ದರು ಎಂದು ಎದೆ ತಟ್ಟಿಕೊಳ್ಳುವ ಆಸೆ ನನಗಿಲ್ಲ. ಪಿಕಾಸೊ, ಬ್ರಾಕ್ ಅಂಟಿಸಿದ್ದು ಚಿತ್ರವೆಂದರೆ ಹೀಗೇ ಎಂಬ ನಂಬಿಕೆಯನ್ನೇ ಕೆಣಕಲು. ಅಜ್ಜಿ ಹೊಲಿದದ್ದು ಸಾವಿರಾರು ಮನೆಯಲ್ಲಿರುವ ಅದೇ ಲಕ್ಷ್ಮಿ ತನ್ನ ಮನೆಯಲ್ಲಿ ತನ್ನವಳಾಗಲಿ ಎಂದು. ಮಳವಳಿಯ ಕಲ್ಲಿನಿಂದ ಎಷ್ಟು ಪ್ರತಿ ಬಂದರೂ ಆ ಕೆಂಪು ರೇಷ್ಮೆಯವಳು ಒಬ್ಬಳೇ. ಅಚ್ಚಿನಿಂದ ಬಂದದ್ದನ್ನು ಅಚ್ಚಿನಿಂದ ಬಿಡಿಸಿಕೊಳ್ಳುವುದು ಹೇಗೆ ಅಂತ ಅಜ್ಜಿಗೆ ಗೊತ್ತಿತ್ತು. ಟೀಚರಿಗೆ ಫೋಟೊ ಕಳಿಸಿದೆ. ಮುಂದಿನ ತರಗತಿಯಲ್ಲಿ ಅವರು ಪಾಠ ಬದಿಗಿಟ್ಟು ಅದನ್ನೇ ತೋರಿಸಿದರು. ಪುತ್ತೂರಿನಾಕೆ, ದುಬೈಯಾಕೆ ತಮ್ಮ ತಮ್ಮ ಮನೆಯ ಹಳೇ ಫೋಟೊ ಹುಡುಕಲು ಎದ್ದರು.

ನಮ್ಮ ಗಡಿಯ ನಂಗಲಿ ದಾಟಿ, ಹಳೇ ಮದರಾಸು ರಸ್ತೆ ಹಿಡಿದು ಹೋದರೆ ಪಲಮನೇರು, ಆಮೇಲೆ ಚಿತ್ತೂರು. ಆ ಚಿತ್ತೂರು ಸೀಮೆಯ ನಂದನೂರಿನಲ್ಲಿ 1925ರಲ್ಲಿ ಹುಟ್ಟಿದ ಕೃಷ್ಣಾ ರೆಡ್ಡಿ ಅಚ್ಚಿನ ಕಲೆಯಲ್ಲಿ ಲೋಕಕ್ಕೇ ದೊಡ್ಡ ಹೆಸರು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಶಿಷ್ಯ. ನಂದಲಾಲರು 1930ರಲ್ಲಿ ದಂಡಿಗೆ ನಡೆಯುವ ಗಾಂಧೀಜಿಯನ್ನು ಕಪ್ಪು ಬಿಳುಪಿನ ಲಿನೋಕಟ್ಟಿನಲ್ಲಿ ಮಾಡಿದ್ದರಲ್ಲ, ಕೋಲು ಹಿಡಿದದ್ದು, ಅದನ್ನು ನಾವೆಲ್ಲ ನೋಡಿದ್ದೇವೆ. ರೆಡ್ಡಿ ಲಂಡನ್ನಿಗೆ ಹೋಗಿ, ಪ್ಯಾರಿಸ್ಸಿನಲ್ಲಿ ಹೇಟರ್ ನಡೆಸುತ್ತಿದ್ದ ಆತೆಲಿಯೆ 17 ಎಂಬ ಅಚ್ಚುಮನೆ ಸೇರಿದರು. ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ಉಪಾಯ ಅಲ್ಲಿ ಹದಗೊಂಡಿತು. ಗುಟ್ಟೆಲ್ಲ ಅಗಸೆ ಎಣ್ಣೆಯದು: ಒಂದು ಮಸಿಗೆ ಎಣ್ಣೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹಾಕಿದರೆ ಒಂದರ ಮೇಲೊಂದು ಹಾಯಿಸಿದರೂ ಕಲೆಯುವುದಿಲ್ಲ. ತಗಡಿನ ಆಳ ಬೇರೆಬೇರೆ ಇದ್ದರೆ ಗಟ್ಟಿ ರೋಲರು ಮೇಲೆ ಮೇಲೆ ಹಾಯುತ್ತದೆ, ಮೆತ್ತನೆಯದು ಒಳಕ್ಕೆ ಇಳಿಯುತ್ತದೆ. 1972ರಲ್ಲಿ ಪದ್ಮಶ್ರೀ ಬಂತು. ನ್ಯೂಯಾರ್ಕಿನಲ್ಲಿ ಕಲಿಸಿ, ಅಲ್ಲೇ 2018ರಲ್ಲಿ ತೀರಿಕೊಂಡರು. ಮುಳಬಾಗಿಲಿನಿಂದ ಒಂದು ಬಸ್ಸಿನ ದಾರಿಯವರ ಹೆಸರನ್ನು ನಾನು ಮೊದಲು ಕೇಳಿದ್ದು ಫೋನಿನ ಕ್ಲಾಸಿನಲ್ಲಿ.

ಕಾಗದದ ಮೇಲೆ ರೂಪ ದೂರ ಹೋಗುತ್ತದೆ, ಸರಿ. ಕೈಯ ಭಾರ ಹೋಗುತ್ತದೆಯೇ? ಫೋನಿನ ಪಾಠದ ದೊಡ್ಡ ತೊಡಕು ಇದೇ. ಉಳಿಯನ್ನು ಎಷ್ಟು ಓರೆ ಹಿಡಿಯಬೇಕು ಎಂದು ಕಾಣುತ್ತದೆ, ಎಷ್ಟು ಒತ್ತಬೇಕು ಎಂದು ಕಾಣುವುದಿಲ್ಲ. ಮೇಲಾಗಿ ಮುಂದಿನ ಕ್ಯಾಮೆರಾದಲ್ಲಿ ನಮ್ಮ ನಮ್ಮ ಚಿತ್ರ ನಮಗೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡು ಕಾಣುತ್ತದೆ. ಅಕ್ಷರ ಕೆತ್ತಿದ ಲಿನೋ ಹಿಡಿದು ತೋರಿಸಿದರೆ, ತಿರುಗುಮುರುಗು ಕೆತ್ತಿದ್ದು ನೆಟ್ಟಗೆ ಕಂಡು ಎಲ್ಲರಿಗೂ ಗೊಂದಲ. ಮಾವ ಇದ್ದಿದ್ದರೆ ಆ ಇಡೀ ತರಗತಿಯಲ್ಲಿ ಗೊಂದಲವಾಗದವರು ಅವರೊಬ್ಬರೇ ಆಗಿರುತ್ತಿದ್ದರು. ಪಡಿಯಚ್ಚಿನ ಜಾಣತನ ಇಲ್ಲಿದೆ ನೋಡಿ: ಅಲ್ಲಿ ಮಸಿ ಬೀಳುವುದು ಕಾಗದದ ಮೇಲ್ಮೈಗೆ, ಕಲ್ಲಿಗಲ್ಲ. ಆದ್ದರಿಂದ ಅಕ್ಷರ ತಿರುಗುವುದೇ ಇಲ್ಲ. ಕಲ್ಲಿಗೂ ಮಸಿ ಹತ್ತುವುದಿಲ್ಲ.

ಭಾರ ಕಾಣದಿದ್ದರೂ ಇನ್ನೊಂದು ದಾರಿ ಇತ್ತು. ಒಂದು ದಿನ ನೆಟ್‌ವರ್ಕ್ ಕೈಕೊಟ್ಟು ಟೀಚರ ಚಿತ್ರ ನಿಂತುಹೋಯಿತು, ದನಿ ಮಾತ್ರ ಬರುತ್ತಿತ್ತು. ‘ಪರವಾಗಿಲ್ಲ, ಕೇಳಿಸಿಕೊಳ್ಳಿ’ ಎಂದು ಅವರು ರೋಲರನ್ನು ಗಾಜಿನ ಮೇಲೆ ಹಾಯಿಸಿದರು. ಮಸಿ ದಪ್ಪಗಿದ್ದಾಗ ಪಚಪಚ ಅನ್ನುವ ಒದ್ದೆ ಸದ್ದು. ಹರಡುತ್ತ ಹರಡುತ್ತ ಸದ್ದು ಸಣ್ಣಗಾಗಿ, ಕಡೆಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಮುಂಚಿನ ಚುರುಚುರು. ‘ಇದೇ. ಈಗ ಲಿನೋಗೆ ಹಚ್ಚಿ.’ ಕೋಲಾರದ ಆ ಸೀಮೆಎಣ್ಣೆ ವಾಸನೆಯ ಕೋಣೆಯಲ್ಲಿ ಮಾವ ಕಿವಿ ಕೊಡುತ್ತಿದ್ದದ್ದು ಈ ಸದ್ದಿಗೆ. ಹುಬ್ಬಳ್ಳಿಯಲ್ಲೂ ದುಬೈಯಲ್ಲೂ ರೋಲರುಗಳು ಅದೇ ಸದ್ದು ಹುಡುಕುತ್ತಿದ್ದುದು ಫೋನಿನಲ್ಲಿ ಕೇಳಿಸುತ್ತಿತ್ತು. ಪ್ರೆಸ್ಸಿಲ್ಲದ ನಾವೆಲ್ಲ ಕಾಗದದ ಬೆನ್ನನ್ನು ಉಜ್ಜಿದ್ದು ಅಡುಗೆಮನೆಯ ಚಮಚದಲ್ಲಿ.

ಈಗ ಶಾಸನಗಳ ವಿಷಯದಲ್ಲೂ ಗಾಳಿ ಬೇರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬೆಳಕನ್ನು ಯಾವ ಕಡೆಯಿಂದ ಬೇಕಾದರೂ ಬಿಟ್ಟು, ಕಲ್ಲನ್ನು ಸ್ಕ್ರೀನಿನ ಮೇಲೆ ತಿರುಗಿಸಿ ಓದಬಹುದು. ಬಿಸಿಲು ಸರಿಯುವ ಭಯವಿಲ್ಲ, ಕಾಗದ ಹರಿಯುವ ಭಯವಿಲ್ಲ. ಒಳ್ಳೆಯ ಕೆಲಸ, ಇನ್ನೂ ಬೇಗ ಆಗಬೇಕಾದ ಕೆಲಸ. ನನ್ನ ಬೆರಳಿಗೆ ಮಾತ್ರ ಒದ್ದೆ ಕಾಗದದ ಚಟ.

ಆದರೆ ಗುಡಿಯ ಶಾಸನಗಳ ಮೇಲೆ ಯಾರು ಬೇಕಾದರೂ ಬ್ರಷ್ಷು ಹಿಡಿದು ಹೋಗುವಂತಿಲ್ಲ, ಹೋಗಲೂಬಾರದು. ಕೋಲಾರಮ್ಮನ ಗುಡಿ, ಸೋಮೇಶ್ವರ, ಆವಣಿಯ ರಾಮಲಿಂಗೇಶ್ವರ, ಎಲ್ಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವವು. ಹಾಗಾಗಿ ನಾನು ಹಿಡಿದದ್ದು ಹೆಂಚನ್ನು. ಆರ್‌ಸಿಸಿ ಬಂದ ಮೇಲೆ ಮಾಲೂರು ಕಡೆ ಹಳೇ ಮನೆ ಕೆಡವಿದಾಗಲೆಲ್ಲ ಹೆಂಚು ಬೀದಿ ಬದಿಗೆ ಬಂದು ಬೀಳುತ್ತದೆ. ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಮೊದಲು ಲಿನೋ ಮಸಿಯನ್ನೇ ರೋಲರಿನಿಂದ ಹಚ್ಚಿದರೆ ಸುಟ್ಟ ಮಣ್ಣು ಎಣ್ಣೆ ಕುಡಿದುಬಿಡುತ್ತದೆ, ಕಾಗದಕ್ಕೆ ಏನೂ ಬಿಡುವುದಿಲ್ಲ. ಆವಣಿಯ ಹುಡುಗರ ದಾರಿಯೇ ಸರಿಬಂತು: ಹೆಂಚನ್ನು ತೊಳೆದು, ನೆನೆಸಿದ ತೆಳು ಕಾಗದ ಹಾಸಿ, ಬೂಟ್ ಪಾಲಿಶ್ ಬ್ರಷ್ಷಿನಿಂದ ತಟ್ಟಿ, ಅರೆ ಒಣಗಿದಾಗ ಹಳೇ ಪಂಚೆಯ ಗುಂಡಿನಲ್ಲಿ ಮಸಿ ಒತ್ತಬೇಕು. ಕಲ್ಲಿನಲ್ಲಿ ಅಕ್ಷರ ತಗ್ಗು, ಆದ್ದರಿಂದ ಬಿಳಿ. ಹೆಂಚಿನಲ್ಲಿ ಅಕ್ಷರ ಉಬ್ಬು, ಆದ್ದರಿಂದ ಕಪ್ಪಗೆ ಬರುತ್ತದೆ, ಸುತ್ತ ಬಿಳಿ. ಕಾರ್ಖಾನೆಯ ಹೆಸರು, ‘ಮಾಲೂರು’ ಎಂಬ ಊರಿನ ಹೆಸರು ಇಂಗ್ಲಿಷಿನಲ್ಲಿ, ಕೆಲವದರಲ್ಲಿ ಬೆರಳಿನ ಗುರುತೂ ಬರುತ್ತದೆ. ಹಸಿ ಹೆಂಚನ್ನು ಅಚ್ಚಿನಿಂದ ಬಿಡಿಸಿ ಒಣಹಾಕುವಾಗ ಹಿಡಿದ ಯಾರದೋ ಹೆಬ್ಬೆರಳು. ಅದನ್ನು ಮಸಿ ಹೆಚ್ಚಾಗಿ ಮುಚ್ಚಿಹೋಗದಂತೆ, ಗುಂಡನ್ನು ಬಹುಪಾಲು ಒಣಗಿಸಿಕೊಂಡೇ ಒತ್ತಬೇಕಾಗುತ್ತದೆ. ಬಂದ ಅಚ್ಚುಗಳನ್ನು ತರಗತಿಯ ಗುಂಪಿಗೆ ಹಾಕಿದರೆ ಪುತ್ತೂರಿನಾಕೆ ತಮ್ಮ ಕಡೆಯ ಹೆಂಚಿನ ಅಚ್ಚು ಕಳಿಸುತ್ತಾರೆ. ತೇಕಲ್ ಕಡೆ ಇನ್ನೂ ನಾಲ್ಕಾರು ಹಳೇ ಮನೆಗಳಿವೆಯಂತೆ, ಈ ಬೇಸಿಗೆಯಲ್ಲಿ ಕೆಡವುತ್ತಾರಂತೆ. ಮಾಡು ಇಳಿಸುವ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.